ಮರಿಯಪ್ಪನ ಬಾವಿಯೊಳಗಿನ ಜರೀಗಿಡ

ಮಲ್ಲತ್ತಹಳ್ಳಿಯ ಮರಿಯಪ್ಪನ ಹಿತ್ತಲ ಬಾವಿ ಎಷ್ಟು ಆಳ ಅಂದರೆ, ಬೆಳಗ್ಗೆ ಕಲ್ಲು ಹಾಕಿದರೆ ಸದ್ದು ಕೇಳೋಕೆ ಮಧ್ಯಾಹ್ನದ ಊಟ ಮುಗಿಸಿ ಬರಬೇಕು. ಅಳತೆ ಮಾಡಿದವರು ಮೂವತ್ತಡಿ ಅಂತಾರೆ. ಅವರ ಟೇಪೇ ಸರಿಯಿಲ್ಲ. ಇನ್ನು ಮರಿಯಪ್ಪನ ಮಾತನ್ನು ಬೀದಿಯವರು ರೂಪಾಯಿಗೆ ನಾಲ್ಕಾಣೆಯಷ್ಟು ನಂಬುತ್ತಿದ್ದರು, ಹಬ್ಬದ ದಿನ ಎಂಟಾಣೆ.

ಅಂಥವನು ಯುಗಾದಿಗೆ ಮುಂಚೆ ಊರಿಗೆಲ್ಲ ಸಾರಿಬಿಟ್ಟ: "ಬಾವಿ ಸತ್ತೋಯ್ತು. ಸೆಲೆ ಬತ್ತಿ ಹತ್ತು ವರ್ಷ ಆಯ್ತು. ಮುಚ್ಚಿಸ್ತಾ ಇದೀನಿ."

ಮಗ ರೇವಂತನ ಹೊಸ ಕಾರಿಗೆ ಜಾಗ ಬೇಕಿತ್ತು. ಹೆಂಡತಿ ಹನುಮಕ್ಕ ಮೂರು ದಿನ ಮಾತು ಬಿಟ್ಟಳು. ಜೀವ ಇರೋ ಬಾವಿ ಮುಚ್ಚಬಾರದು ಅನ್ನೋದು ಅವಳ ಹಟ. ನಾಲ್ಕನೇ ದಿನ ಹೇಳಿದಳು: "ಮನೆ ಯಜಮಾನ್ರು ತಳಕ್ಕಿಳಿದು ಗಂಗಮ್ಮನಿಗೆ ಅರಿಸಿನ ಕುಂಕುಮ ಇಟ್ಟು, ಒಂದು ಹಿಡಿ ಮಣ್ಣು ತನ್ನಿ. ಒಣಗಿದ್ರೆ ಮುಚ್ಚಿ. ತೇವ ಇದ್ರೆ ಮುಟ್ಟಬೇಡಿ."

ಶನಿವಾರ ಬೆಳಗ್ಗೆ ಟ್ರ್ಯಾಕ್ಟರ್ ಓಡಿಸೋ ಮುನಿರಾಜು, ಬಾವಿ ಮುಚ್ಚೋಕೆ ಅಂತ ಯಾವುದೋ ಒಡೆದ ಮನೆಯ ಇಟ್ಟಿಗೆ ಚೂರು ತುಂಬಿಸಿಕೊಂಡು ಬಂದು, ಟ್ರ್ಯಾಕ್ಟರ್ ಆಫ್ ಮಾಡದೇ ಕಾಯುತ್ತಿದ್ದ. ಮರಿಯಪ್ಪ ತಟ್ಟೆ ಹಿಡಿದು ಕಲ್ಲಿನ ಮೆಟ್ಟಿಲಿಳಿದ.

ಅರ್ಧ ದಾರಿಯಲ್ಲಿ, ಬಿಸಿಲಿನ ಒಂದು ಪಟ್ಟಿ ಬೀಳುವ ಕಡೆ, ಕಾಲು ನಿಂತುಹೋಯಿತು.

ಕಲ್ಲಿನ ಸಂದಿಯಿಂದ ಏಳೆಂಟು ಜರೀಗಿಡದ ಕುಡಿಗಳು ಎದ್ದಿದ್ದವು. ಒಂದೊಂದೂ ಸುರುಳಿ ಸುತ್ತಿಕೊಂಡು, ಆಗ ತಾನೇ ಹುಟ್ಟಿದ ಮಗುವಿನ ಮುಷ್ಟಿಯ ಹಾಗೆ. ಮೈಮೇಲೆ ಕಂದು ನವಿರು. ಒಂದು ಸುರುಳಿ ಅರ್ಧ ಬಿಚ್ಚಿತ್ತು. ಅದರ ಒಳಗಡೆ ಮತ್ತೆ ಪುಟ್ಟ ಸುರುಳಿಗಳು, ಅವುಗಳೊಳಗೆ ಇನ್ನೂ ಪುಟ್ಟವು. ಸೀರೆ ಅಂಗಡಿಯನ್ನೇ ಮಡಿಚಿ ಉಗುರಿನೊಳಗೆ ತುಂಬಿದ್ದಾರೇನೋ! ಇಷ್ಟನ್ನು ಯಾರು ಸುತ್ತಿದರು, ಯಾವಾಗ ಸುತ್ತಿದರು? ಮರಿಯಪ್ಪ ಮುಟ್ಟೋಕೆ ಕೈ ಚಾಚಿದ, ಹೆದರಿ ಹಿಂದೆಗೆದ. ಬೇರಿನ ಬುಡದಲ್ಲಿ ಒಂದು ಹನಿ ಕಲ್ಲಿನಿಂದ ಜಿನುಗಿ, ಇಳಿದು, ಮತ್ತೊಂದು ಜಿನುಗಿತು.

ಸೆಲೆ!

"ಏಯ್, ಸುರಿಬೇಡ!" ಅಂತ ಏದುಸಿರಲ್ಲಿ ಮೇಲೆ ಬಂದ.

"ಯಾಕಣ್ಣ, ಮೊಸಳೆ ಸಿಕ್ತಾ?" ಮುನಿರಾಜು ಹಲ್ಲು ಕಿರಿದ. "ಹೋದ ವರ್ಷ ಏಳು ಹೆಡೆ ಹಾವು ಅಂದಿದ್ದೆ."

"ಬಾವಿ ಬದುಕಿದೆ ಕಣೋ!"

"ಸುಮ್ನಿರಪ್ಪ," ಅಂದ ರೇವಂತ್. "ನೀನೇ ಸತ್ತೋಯ್ತು ಅಂತ ಊರಿಗೆಲ್ಲ ಹೇಳಿದ್ದು. ಮಣ್ಣೆಲ್ಲಿ?"

ಮಣ್ಣು ಮರೆತೇಹೋಗಿತ್ತು. ಆಣೆ ಇಟ್ಟ, ಯಾರೂ ನಂಬಲಿಲ್ಲ. ಮುನಿರಾಜು ಲೋಡು ಸುರಿಯೋಕೆ ಟ್ರ್ಯಾಕ್ಟರನ್ನು ಬಾವಿ ಕಡೆಗೆ ರಿವರ್ಸ್ ತೆಗೆದ. ಮರಿಯಪ್ಪ ಹೆಂಡತಿ ಕಡೆ ತಿರುಗಿ, ಕಿರುಬೆರಳ ತುದಿ ತೋರಿಸಿದ: "ಜರೀಗಿಡ ಕಣೇ. ಇಷ್ಟೇ ಇಷ್ಟು."

ಹನುಮಕ್ಕ ತಟ್ಟನೆ ಗಂಡನ ಮುಖ ನೋಡಿದಳು. ಮದುವೆಯಾದ ನಲವತ್ತು ವರ್ಷದಲ್ಲಿ ಈ ಮನುಷ್ಯ ಯಾವುದನ್ನೂ 'ಇಷ್ಟೇ' ಅಂದವನಲ್ಲ. ಸೆರಗು ಸಿಕ್ಕಿಸಿ, ಮಂಡಿ ನೋವು ಮರೆತು ಇಳಿದಳು. ಹತ್ತು ನಿಮಿಷವಾದರೂ ಬರಲಿಲ್ಲ. ಕರೆಯೋಕೆ ಹೋದ ರೇವಂತನೂ ಬರಲಿಲ್ಲ. ಮುನಿರಾಜು ಗೊಣಗುತ್ತಾ ಇಂಜಿನ್ ಆಫ್ ಮಾಡಿ ಇಣುಕಿದ. ತಾಯಿ ಮಗ ಒಂದೇ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಉಸಿರು ತಾಗಿದರೆ ಕುಡಿಗಳು ಮುದುಡಿಬಿಟ್ಟಾವು ಅನ್ನೋ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

"ಲೋಡು ಎಲ್ಲಿ ಸುರೀಲಿ, ರೇವಂತು?"

ಒಳಗಿಂದ ಪಿಸುದನಿ ಬಂತು: "ವಾಪಸ್ ತಗೊಂಡೋಗಣ್ಣ. ಕಾರು ಬೀದೀಲೇ ನಿಲ್ಲಿಸ್ತೀನಿ."