ಉಗ್ರಪ್ಪ ಮೇಷ್ಟ್ರ ಮೇಲ್ದುಟಿ

ಸತ್ತು ಎಂಟು ವರ್ಷವಾಯಿತೆಂದು ಸೀತಾ ನಂಬಿಕೊಂಡಿದ್ದ ಮುದುಕ ಜಗಲಿಯ ಮೇಲೆ ಕೂತು, ತನ್ನನ್ನು ಎಬ್ಬಿಸಲು ಬಂದವರನ್ನು ಮೊಣಕೈಯಿಂದ ತಳ್ಳುತ್ತಿದ್ದ.

ಸೀತಾ ಗೇಟಿನಲ್ಲೇ ನಿಂತು ಅಮ್ಮನ ಸೆರಗು ಜಗ್ಗಿದಳು. "ಅದ್ಯಾರಮ್ಮ?"

ರಾಮಕ್ಕ ಮಗಳ ಕಡೆ ಪೂರಾ ತಿರುಗಿ, ಮಾತು ಬಿಡಿಸಿ ಹೇಳಿದಳು. "ಮೇಷ್ಟ್ರ ಅಪ್ಪ. ದೊಡ್ಡಹನುಮಯ್ಯನೋರು."

"ಅವರು ಸತ್ತೋದ್ರಲ್ಲ?"

ನಾಲ್ಕನೇ ವಯಸ್ಸಿನ ಜ್ವರದಲ್ಲಿ ಸೀತಾಳ ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ತನ್ನ ದನಿ ಎಷ್ಟು ದೊಡ್ಡದೆಂಬುದು ಮಾತ್ರ ತಿರುಗಿದ ತಲೆಗಳಿಂದ ಗೊತ್ತಾಗಬೇಕು. ಈಗ ಶಾಮಿಯಾನದಡಿಯ ತಲೆಗಳೆಲ್ಲ ತಿರುಗಿದ್ದವು.

"ಮೆಲ್ಲಗೆ ಕಣೇ," ಎಂದಳು ರಾಮಕ್ಕ. "ಕಲ್ಲುಗುಂಡಿನ ಹಂಗಿದಾರೆ. ಯಾರೇ ನಿಂಗೆ ಹೇಳಿದ್ದು?"

ಒಳಗೆ ಚಾಪೆಯ ಮೇಲೆ ಉಗ್ರಪ್ಪ ಮೇಷ್ಟ್ರು ಮಲಗಿದ್ದರು. ಐವತ್ತೆರಡು ವಯಸ್ಸು, ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನೆಂಟರು ಸಾಲಾಗಿ ಬಾಯಿಗೆ ಅಕ್ಕಿಕಾಳು ಹಾಕಿ ಬರುತ್ತಿದ್ದರು. ಬಾಕಿ ಉಳಿದವನು ಅಪ್ಪ ಒಬ್ಬನೇ.

ಮೇಷ್ಟ್ರ ತಮ್ಮ ವೆಂಕಟರಮಣಪ್ಪ ಮುದುಕನ ಮುಂದೆ ಬಗ್ಗಿದ. "ಅಪ್ಪಾ, ನಾಕು ಕಾಳು ಹಾಕ್ಬಿಡು. ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಎತ್ಬೇಕು."

ಮುದುಕನ ಮೀಸೆ ಅಲುಗಿತು. ಎಂಟು ವರ್ಷದ ಹಿಂದೆ ಮಗ ತೆಗೆಸಿದ ಮೀಸೆಯನ್ನೂ ಸೇರಿಸಿ ಬೆಳೆಸಿದ್ದಾನೋ ಎಂಬಂತೆ ಅದು ಬಾಯಿ ಮುಚ್ಚಿ ಗದ್ದಕ್ಕಿಳಿದಿತ್ತು. ಏನಂದನೆಂದು ಸೀತಾಳಿಗೆ ಕಾಣಲಿಲ್ಲ. ವೆಂಕಟರಮಣಪ್ಪನ ಉತ್ತರ ಕಂಡಿತು.

"ಹಂಗನ್ಬೇಡಪ್ಪ. ನೀನು ಬದುಕಿದೀಯ, ಅವನೇ ಹೋದ. ಇನ್ನೂ ಎಂಥಾ ಸಿಟ್ಟು?"

*

ಎಂಬತ್ತನೇ ಇಸವಿ. ಕುರುಬರಹಳ್ಳಿಯ ಶಾಲೆಯಲ್ಲಿ ಸೀತಾ ನಾಲ್ಕನೇ ಕ್ಲಾಸಿಗೆ ಬಂದಾಗ ಉಗ್ರಪ್ಪ ಮೇಷ್ಟ್ರಿಗೂ ಹೆಸರಿಗೆ ತಕ್ಕ ಮೀಸೆಯಿತ್ತು. ಬಾಯಿಗೆ ಹಾಕಿದ ಚಪ್ಪರ ಅದು. ಕಾಫಿ ಕುಡಿದರೆ ಮೊದಲ ಗುಟುಕು ಅದಕ್ಕೆ. ಪ, ಬ, ಮ ಎಲ್ಲ ಆ ಚಪ್ಪರದಡಿ ಕಾಣೆಯಾಗುತ್ತಿದ್ದವು.

"ದಸರಾ ಪರೀಕ್ಷೆವರೆಗೂ ನೋಡ್ತೀನಮ್ಮ," ಎಂದಿದ್ದರು ಹೆಡ್‌ಮಾಸ್ಟರು, ರಾಮಕ್ಕನಿಗೆ. "ಆಗ್ಲಿಲ್ಲ ಅಂದ್ರೆ ಬೇರೆ ಕಡೆ ಹಾಕ್ಕೊಳಿ. ಐವತ್ತು ಮಕ್ಕಳ ಮಧ್ಯೆ ಇವಳೊಬ್ಬಳನ್ನ ಯಾರು ನೋಡ್ಕೊಳ್ತಾರೆ?"

ಮೇಷ್ಟ್ರು ಅವಳನ್ನು ಮುಂದಿನ ಬೆಂಚಿಗೆ ತಂದರು. ಬೋರ್ಡಿನ ಕಡೆ ತಿರುಗಿದಾಗ ಮಾತು ನಿಲ್ಲಿಸಿದರು. ಉತ್ತರ ಹೇಳುವವರು ಕೈಯೆತ್ತಿ, ಎದ್ದು, ಸೀತಾಳ ಕಡೆ ಮುಖ ಮಾಡಿ ಹೇಳಬೇಕೆಂದು ಕಟ್ಟಪ್ಪಣೆ ಮಾಡಿದರು. ಹೀಗಾಗಿ ಐವತ್ತು ಮಕ್ಕಳ ಉತ್ತರಗಳೂ ಅವಳಿಗೆ ತಲುಪುತ್ತಿದ್ದವು, ಮೇಷ್ಟ್ರ ಪ್ರಶ್ನೆಯೊಂದನ್ನು ಬಿಟ್ಟು. ಮೀಸೆ ಅಡ್ಡ ಬರುತ್ತದೆಂದು ಮೇಷ್ಟ್ರಿಗೆ ಹೇಳಲು ಹತ್ತು ವರ್ಷದ ಹುಡುಗಿಗೆ ಧೈರ್ಯ ಎಲ್ಲಿಯದು?

ಒಂದು ಸೋಮವಾರ ಅವರು ಬೋಳು ಬಾಯಲ್ಲಿ ಬಂದರು.

ಮೀಸೆ ಹೊತ್ತ ಗಂಡಸು ಅದನ್ನು ತೆಗೆಸುವುದು ಅಪ್ಪ ಸತ್ತಾಗ. ಹೆಡ್‌ಮಾಸ್ಟರು ನೋಡಿದವರೇ ಓಡಿಬಂದು ತಬ್ಬಿಕೊಂಡರು. ಪ್ರಾರ್ಥನೆಯ ಸಾಲಿನಲ್ಲಿ ಎರಡು ನಿಮಿಷ ಮೌನವಾಯಿತು, ಆಮೇಲೆ ಅರ್ಧ ದಿನ ರಜ. ಸೀತಾಳಿಗೆ ಆ ಎರಡು ನಿಮಿಷಕ್ಕೂ ಉಳಿದ ದಿನಕ್ಕೂ ವ್ಯತ್ಯಾಸವೇನೂ ಇರಲಿಲ್ಲ. ಮೇಷ್ಟ್ರು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಹೆಗಲು ಒತ್ತಿ ಸಮಾಧಾನ ಹೇಳುತ್ತಿದ್ದರು. ಆ ತುಟಿಗಳಲ್ಲಿ ಅವಳು ಓದಿದ ಮೊದಲ ಮಾತು, "ಸಾರ್, ಅದು ಹಂಗಲ್ಲ..."

ಮಾರನೇ ದಿನವೇ ನಿಜ ತಿಳಿದು ಸ್ಟಾಫ್‌ರೂಮು ತಿಂಗಳುಗಟ್ಟಲೆ ನಕ್ಕಿತು. ಸೀತಾಳಿಗೆ ತಿರುಗಿ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವಳು ಪಾಸಾದಳು, ಮುಂದೆ ಎಸೆಸೆಲ್ಸಿಯೂ ಆಯಿತು. ಮೇಷ್ಟ್ರಿಗೆ ಮತ್ತೆ ಮೀಸೆ ಬರದಿರಲಿ ಎಂದು ಅವಳು ಆಗ ದೇವರಿಗೆ ಕೈಮುಗಿದದ್ದುಂಟು. ಯಾರದೋ ಅಪ್ಪ ಸತ್ತದ್ದರಿಂದ ತನಗೆ ಒಳ್ಳೆಯದಾಯಿತೆಂಬ ನಾಚಿಕೆಯನ್ನು ಇವತ್ತಿನವರೆಗೂ ಯಾರ ಹತ್ತಿರವೂ ಆಡಿರಲಿಲ್ಲ.

*

ಸೀತಾ ಒಳಗೆ ಬಂದು, ಅಪ್ಪ ಸಾಯದಿದ್ದರೆ ಮೇಷ್ಟ್ರು ಮೀಸೆ ತೆಗೆಸಿದ್ದೇಕೆಂದು ಕೇಳಿದಳು. ಮೇಷ್ಟ್ರ ಹೆಂಡತಿ ಯಶೋದಮ್ಮ ಅಳುವುದನ್ನು ನಿಲ್ಲಿಸಿ, ಅವಳಿಗೆ ಕಾಣುವಂತೆ ಮುಖವೆತ್ತಿದರು.

"ನಿಂಗೋಸ್ಕರ ಕಣಮ್ಮ ತೆಗೆಸಿದ್ದು. ಕನ್ನಡಿ ಮುಂದೆ ನಿಂತು, ದನಿ ಬಿಡದೆ ಬರೀ ಬಾಯಾಡಿಸಿ, 'ಏನಂದೆ ಹೇಳೇ' ಅಂತ ನನ್ನ ಕೇಳಿದ್ರು. ಒಂದಕ್ಷರ ಗೊತ್ತಾಗ್ಲಿಲ್ಲ. ಆವತ್ತೇ ಹೋಗಿ ಬೋಳಿಸ್ಕೊಂಡು ಬಂದ್ರು."

"ತಾತಂಗೆ ಹೇಳಲಿಲ್ವಾ?"

"ಹೇಳೋಕೆ ಹೋದ್ರೆ ಎದ್ದು ಹೋಗೋರು. ನಾನು ಬದುಕಿರೋವಾಗ್ಲೇ ಮಗ ನಂಗೆ ಎಳ್ಳುನೀರು ಬಿಟ್ಟ ಅಂತ ಒಂದೇ ಹಟ. ಒಂದೇ ಕಾಂಪೌಂಡು. ಎಂಟು ವರ್ಷ ಮಾತಿಲ್ಲ."

ಹೊರಗೆ ಚಟ್ಟ ಸಿದ್ಧವಾಗಿತ್ತು. ಸೀತಾ ಜಗಲಿಗೆ ಬಂದು ಮುದುಕನ ಎದುರು ಕುಕ್ಕರಗಾಲಲ್ಲಿ ಕೂತಳು.

"ತಾತ, ನಂಗೆ ಕಿವಿ ಕೇಳಲ್ಲ. ಬಾಯಿ ನೋಡಿ ತಿಳ್ಕೋತೀನಿ. ಮೇಷ್ಟ್ರ ಮೀಸೆ ಅಡ್ಡ ಬರ್ತಿತ್ತು. ನಂಗೆ ಕಾಣ್ಲಿ ಅಂತ ತೆಗೆಸಿದ್ರು. ನಿಮ್ಮ ಮೇಲೆ ಏನಿಲ್ಲ."

ಮಾತು ಮೊಂಡಾಗಿ ಬಂದಿರಬೇಕು. ವೆಂಕಟರಮಣಪ್ಪ ಅವಳ ಭುಜ ಹಿಡಿದ. "ಏನೋ ಅಂತಾಳೆ ಪಾಪ. ಬಾರಮ್ಮ ಈ ಕಡೆ."

ಮುದುಕ ಕೈಯೆತ್ತಿ ಅವನನ್ನು ತಡೆದ. ಸೀತಾ ಮತ್ತೊಮ್ಮೆ, ಒಂದೊಂದೇ ಮಾತಾಗಿ ಹೇಳಿದಳು. ಮೀಸೆ ಅಲುಗಿತು, ಗಾಳಿಗೆ ಹುಲ್ಲು ಅಲುಗಿದ ಹಾಗೆ. ಅವಳು ತಲೆಯಾಡಿಸಿ ತನ್ನ ಮೇಲ್ದುಟಿಯ ಮೇಲೆ ಬೆರಳಿಟ್ಟಳು.

"ಕಾಣ್ತಿಲ್ಲ ತಾತ."

ಮುದುಕ ಆ ಬೆರಳನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಮೀಸೆಯನ್ನು ಅತ್ತಿತ್ತ ಸರಿಸಿ ಮೇಲಕ್ಕೆತ್ತಿ ಹಿಡಿದ. ಅರವತ್ತು ವರ್ಷ ಬಿಸಿಲು ಕಾಣದ ತುಟಿ, ಮಗುವಿನದರಂತೆ ಬೆಳ್ಳಗಿತ್ತು.

"ಈಗ?"

"ಕಾಣ್ತದೆ."

"ಇಷ್ಟಕ್ಕೇನಾ?"

ಅವಳು ಹೂಂ ಎಂದಳು.

ಮುದುಕ ಎದ್ದ. ಕೈ ಬಿಡುವುದನ್ನೇ ಮರೆತು, ಮೀಸೆ ಎತ್ತಿ ಹಿಡಿದುಕೊಂಡೇ ಹೊಸಿಲು ದಾಟಿದ. ಜನ ಸರಿದು ದಾರಿ ಬಿಟ್ಟರು. ಯಶೋದಮ್ಮ ಅಕ್ಕಿಯ ತಟ್ಟೆಯನ್ನು ಹತ್ತಿರ ಸರಿಸಿದರು. ಅವನ ಕೈ ಖಾಲಿಯಿರಲಿಲ್ಲ. ಮಗನ ತಲೆಯ ಬಳಿ ಮಂಡಿಯೂರಿ, ಆ ಮುಖದ ಮೇಲೆ ಬಾಗಿ, ಒಂದೊಂದೇ ಮಾತು ಬಿಡಿಸಿ ಹೇಳತೊಡಗಿದ.

ಬಾಗಿಲಲ್ಲಿ ನಿಂತಿದ್ದ ಸೀತಾಳಿಗೆ ತುಟಿಗಳು ಚೆನ್ನಾಗಿ ಕಾಣುತ್ತಿದ್ದವು. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.