ಬಟ್ಟಿ ಇಳಿಸಿದ ನೀರು

ಮೀನಿನ ತೊಟ್ಟಿಯ ಗಾಜಿನ ಮೇಲೆ ಕಟ್ಟಿದ್ದ ಬಿಳಿ ಗೆರೆಯನ್ನು ಗದಿಗೆಪ್ಪ ಎಂದೂ ಉಜ್ಜುತ್ತಿರಲಿಲ್ಲ. ಶಾಲೆಯ ಬಾವಿಯ ನೀರು ಗಡಸು. ಆರಿದಲ್ಲೆಲ್ಲ ಸುಣ್ಣ ಬಳಿದಂತೆ ಉಳಿಯುತ್ತಿತ್ತು. ಅವನು ನಮ್ಮ ಪ್ರಯೋಗಾಲಯದ ಜವಾನ, ನಾನು ವಿಜ್ಞಾನದ ಶಿಕ್ಷಕಿ. ಐದು ಹೊಂಬಣ್ಣದ ಮೀನುಗಳನ್ನು ಆ ನೀರಿನಲ್ಲೇ ಆರು ವರ್ಷ ಸಾಕಿದ್ದ.

ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ರಜೆ ಹಾಕಿದಾಗ ಅವುಗಳನ್ನು ನನಗೆ ಒಪ್ಪಿಸಿದ. ಮರುದಿನವೇ ನಾನು ಹುಣಸೆಹಣ್ಣು ಹಚ್ಚಿ ಬಿಳಿ ಗೆರೆಯನ್ನು ಉಜ್ಜಿ ತೆಗೆದೆ. ಬಾವಿಯ ನೀರನ್ನು ಚೆಲ್ಲಿ, ಪ್ರಯೋಗಗಳಿಗೆಂದು ಇಟ್ಟಿದ್ದ ಬಟ್ಟಿ ಇಳಿಸಿದ ನೀರನ್ನು ತುಂಬಿದೆ. ಅದಕ್ಕಿಂತ ಶುದ್ಧವಾದ ನೀರು ಊರಿನಲ್ಲೇ ಇರಲಿಲ್ಲ.

ಮೂರನೆಯ ದಿನ ಮೀನುಗಳು ರೆಕ್ಕೆ ಮಡಚಿ ತಳ ಹಿಡಿದವು. ನೀರು ಹೊಲಸಾಗಿರಬೇಕೆಂದು ಮತ್ತೆ ಬದಲಿಸಿದೆ, ಅದೇ ಬಟ್ಟಿ ಇಳಿಸಿದ ನೀರಿನಿಂದ. ವಾರದೊಳಗೆ ಮೂರು ಸತ್ತವು.

ಆಸ್ಪತ್ರೆಗೆ ಹೋದಾಗ ಗದಿಗೆಪ್ಪ ಕೇಳಿದ: "ಮೀನ ಹ್ಯಾಂಗ ಅದಾವ್ರೀ ಅಕ್ಕಾರ?"

"ಚೆನ್ನಾಗಿವೆ," ಎಂದೆ.

ಅವನು ಅರೆ ಮಂಪರಿನಲ್ಲಿದ್ದ. ಅವನ ಹೆಂಡತಿ ನೀಲವ್ವ ಲೋಟ ಹಿಡಿದು ನೀರು ಕುಡಿಸುತ್ತಿದ್ದಳು. ನರ್ಸ್ ಬಂದು ಗದರಿದಳು: "ಬರೇ ನೀರು ಕುಡಿಸಬ್ಯಾಡ ಅಂತ ಎಷ್ಟ ಸಲ ಹೇಳ್ಬೇಕವ್ವಾ? ಮೈಯಾಗಿನ ಉಪ್ಪಿನಂಶ ಮೊದಲೇ ಇಳಿದೈತಿ. ನೀರು ಕುಡಿದಷ್ಟೂ ಇನ್ನೂ ಇಳೀತೈತಿ."

ನಾನು ಎದ್ದು ನಿಂತೆ. ಇದೇ ಪಾಠವನ್ನು ನಾನು ಎಷ್ಟು ವರ್ಷ ಕಲಿಸಿದ್ದೆ! ಸಿಹಿನೀರಿನ ಮೀನಿನ ಮೈಯೊಳಗೆ ನೀರು ನುಗ್ಗುತ್ತಲೇ ಇರುತ್ತದೆ, ಲವಣ ಸೋರುತ್ತಲೇ ಇರುತ್ತದೆ. ಸೋರಿದ್ದನ್ನು ಅದು ಸುತ್ತಲಿನ ನೀರಿನಿಂದಲೇ ಕಿವಿರುಗಳ ಮೂಲಕ ಮರಳಿ ಹೀರಿಕೊಳ್ಳಬೇಕು. ನನ್ನ ನೀರಿನಲ್ಲಿ ಹೀರಿಕೊಳ್ಳಲು ಏನೂ ಇರಲಿಲ್ಲ.

ಪ್ರಯೋಗಾಲಯಕ್ಕೆ ಓಡಿದೆ. ಕಪಾಟಿನ ತುಂಬ ನಾನೇ ಚೀಟಿ ಅಂಟಿಸಿದ ಸೀಸೆಗಳು: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ. ಅವುಗಳೆದುರು ಉಳಿದೆರಡು ಮೀನುಗಳು ಮಗ್ಗುಲಾಗಿ ತೇಲುತ್ತಿದ್ದವು. ಒಮ್ಮೆಲೇ ನೀರು ಬದಲಿಸಿದರೆ ಆ ಆಘಾತಕ್ಕೇ ಸಾಯುತ್ತವೆಂದು ಗೊತ್ತಿತ್ತು. ಬಾವಿಯ ನೀರು ಸೇದಿ ತಂದು, ಗಡಿಯಾರ ನೋಡುತ್ತ, ಗಂಟೆಗೊಂದು ಬಟ್ಟಲಿನಂತೆ ಸುರಿದೆ. ಕಾಯುವುದರ ಹೊರತು ಏನೂ ಮಾಡುವಂತಿರಲಿಲ್ಲ. ಸಂಜೆಗೆ ಒಂದು ಸತ್ತಿತು. ಇನ್ನೊಂದು ಎರಡು ದಿನ ಕಿವಿರು ಬಡಿಯುತ್ತಿದ್ದು, ಅದೂ ನಿಂತಿತು. ಗಾಜಿನ ಮೇಲೆ ಎಳೆಯಷ್ಟು ಬಿಳಿ ಗೆರೆ ಆಗಷ್ಟೇ ಮೂಡುತ್ತಿತ್ತು.

ಮುಂದಿನ ವಾರ ಆಸ್ಪತ್ರೆಗೆ ಹೋದಾಗ ಗದಿಗೆಪ್ಪ ಚೇತರಿಸಿಕೊಂಡು ಎದ್ದು ಕೂತಿದ್ದ. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಸಿಟ್ಟಾಗುತ್ತಾನೆಂದುಕೊಂಡಿದ್ದೆ, ಅವನು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕೂತ.

"ನನಗ ಗೊತ್ತಿತ್ರೀ," ಎಂದ ಕಡೆಗೆ. "ಮರುದಿನ ರಜಾ ಅರ್ಜಿಗೆ ಸಹಿ ಹಾಕಾಕ ಶಾಲಿಗೆ ಬಂದಾಗ ನೀವು ಬಟ್ಟಿ ನೀರಿನ ಕ್ಯಾನ್ ಎತ್ತಿ ಸುರಿಯೂದು ಕಿಡಕ್ಯಾಗಿಂದ ನೋಡಿದ್ದೆ. ಕೆಲಸಕ್ಕ ಸೇರಿದ ಮೊದಲ ವರ್ಷ ನಾನೂ ಅದ ತಪ್ಪು ಮಾಡಿ ನಾಕು ಮೀನ ಕೊಂದಿದ್ದೆ."

"ಹಾಗಾದರೆ ಯಾಕೆ ಹೇಳಲಿಲ್ಲ, ಗದಿಗೆಪ್ಪ?"

"ವಿಜ್ಞಾನ ಕಲಿಸೋ ಅಕ್ಕಾರಿಗೆ ಜವಾನ ಏನಂತ ಹೇಳ್ಲಿರೀ?"

ಇಷ್ಟು ವರ್ಷಗಳಲ್ಲಿ ನಾನು ಅವನನ್ನು ಏನನ್ನಾದರೂ ಕೇಳಿದ್ದೆನೇ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ, ಒಂದೂ ನೆನಪಾಗಲಿಲ್ಲ. ಗದಿಗೆಪ್ಪ ನೋವಿಗೆ ಮುಖ ಹಿಂಡಿ, ಕಾಲುಗಳನ್ನು ನಿಧಾನಕ್ಕೆ ಒಂದು ಬದಿಗೆ ಸರಿಸಿ, ಮಂಚದ ಮೇಲೆ ನನಗೆ ಜಾಗ ಮಾಡಿಕೊಟ್ಟ.