ಕಾಲು ಮಾಡುವವಳು

ಕರೆಗಂಟೆ ಸದ್ದಾದರೆ ಸಾಕು, ಮಗಳು ತಟ್ಟೆ ಎತ್ತಿಕೊಂಡು ಕೋಣೆ ಸೇರಿಬಿಡುತ್ತಿದ್ದಳು. ಬಂದವರು ಯಾರೇ ಆಗಲಿ, ಕೇಳುವ ಪ್ರಶ್ನೆ ಒಂದೇ. ಅಪ್ಪನ ಉತ್ತರವೂ ಒಂದೇ: "ಓದ್ತಾ ಇದಾಳೆ. ಈ ಸಲ ಮೆಡಿಕಲ್ ಸೀಟು ಗ್ಯಾರಂಟಿ."

ಮೂರು ಸಲ ಪರೀಕ್ಷೆ ಬರೆದಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹೇಳಿಕೊಳ್ಳಲೂ ಆಗದಷ್ಟು ದೂರದಲ್ಲಿ ಸೀಟು ಉಳಿದಿತ್ತು. ಜೊತೆಗೆ ಓದಿದವರು ಕಾಲೇಜು ಸೇರಿ, ಮೊದಮೊದಲು ಫೋನ್ ಮಾಡಿ, ಆಮೇಲೆ ಮೆಸೇಜಿಗೆ ಇಳಿದು, ಕೊನೆಗೆ ಅದನ್ನೂ ನಿಲ್ಲಿಸಿದ್ದರು. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ತನ್ನ ಹತ್ತಿರ ಹೇಳುವಂಥದ್ದೇನೂ ಇರಲಿಲ್ಲ, ಅಷ್ಟೆ. ಕೆಲವು ಸಂಜೆ, ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂದು ಹೊಳೆದು, ದನಿ ಹೊರಡುತ್ತದೆಯೇ ಎಂದು ನೋಡಲು ಗೋಡೆಗೆ ತಿರುಗಿ ತನ್ನ ಹೆಸರನ್ನೇ ಹೇಳಿಕೊಳ್ಳುತ್ತಿದ್ದಳು.

ಕೆಳಗಿನ ಮನೆಯ ಟೀಚರಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಮೊಣಕಾಲ ಕೆಳಗೆ ಒಂದು ಕಾಲು ಹೋಗಿತ್ತು. ಕೃತಕ ಕಾಲು ತೊಟ್ಟು ನೋಡಲು ಜೊತೆಗೊಬ್ಬರು ಬೇಕಿತ್ತು. "ಸುಮ್ನೆ ಮನೇಲಿರೋಳು ನೀನೊಬ್ಳೇ ಕಣೇ, ಬಾ," ಎಂದರು. ಮಾತು ಚುಚ್ಚಿತು. ಆದರೂ ಹೋದಳು.

ಆಸ್ಪತ್ರೆಯ ಹಿಂದೆ ಕಾಲು ಮಾಡುವ ಒಂದು ಉದ್ದನೆಯ ಶೆಡ್ಡು. ಪ್ಲಾಸ್ಟರಿನ ಅಚ್ಚುಗಳು, ಕೊಕ್ಕೆಗೆ ತೂಗುಹಾಕಿದ ಪಾದಗಳು, ಎಲ್ಲೆಲ್ಲೂ ಬಿಳಿ ಪುಡಿ. ಅಲ್ಲಿನ ಮೇಸ್ತ್ರಿ ಟೀಚರಮ್ಮನಿಗೆ ಕಾಲು ತೊಡಿಸಿ ನಾಲ್ಕು ಹೆಜ್ಜೆ ನಡೆಸಿದ.

"ಸರಿಯಾಗಿದೆಯಪ್ಪಾ," ಎಂದರು ಟೀಚರಮ್ಮ.

"ಸರಿಯಾಗಿಲ್ಲ," ಎಂದು ಪಕ್ಕದಲ್ಲಿ ನಿಂತಿದ್ದ ಅವಳ ಬಾಯಿಂದ ತಾನಾಗಿಯೇ ಬಂತು. "ಒಳಗೆ ಎಲ್ಲೋ ಒತ್ತುತ್ತಿದೆ. ಭಾರ ಹಾಕೋ ಮುಂಚೆ ಪ್ರತಿ ಸಲ ಉಸಿರು ಬಿಗಿ ಹಿಡೀತಿದಾರೆ."

ಮೇಸ್ತ್ರಿ ಬಿಚ್ಚಿಸಿ ನೋಡಿದ. ಮೂಳೆಯ ತುದಿಯಲ್ಲಿ ಚರ್ಮ ಕೆಂಪಗಾಗಿತ್ತು. "ಮೂವತ್ತು ವರ್ಷ ಪಾಠ ಹೇಳಿದ ಬಾಯಿ, ನೋವು ಅಂತ ಹೇಳಕ್ಕಾಗಲ್ವಾ?" ಎಂದು ನಕ್ಕು, ಇವಳ ಕಡೆ ತಿರುಗಿದ. "ಈ ಕೆಲಸಕ್ಕೂ ಓದು ಇದೆಯಮ್ಮ. ಬೇಕಿದ್ರೆ ನಾಳೆ ಬಂದು ನೋಡು."

ಊಟದ ಹೊತ್ತಿಗೆ, ಆ ಕೆಲಸ ಕಲಿಯುತ್ತೇನೆಂದು ಅಪ್ಪನಿಗೆ ಹೇಳಿದಳು.

"ಡಾಕ್ಟರ್ ಆಗ್ತಾಳೆ ಅಂತ ಎಲ್ರಿಗೂ ಹೇಳಿದೀನಿ. ಈಗ ಯಾವ ಮುಖ ಇಟ್ಕೊಂಡು ಓಡಾಡ್ಲಿ?"

"ಎಲ್ರಿಗೂ ಹೇಳಿದ್ರಿ ಅಪ್ಪಾ. ನನ್ನನ್ನ ಕೇಳಿದ್ರಾ?"

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟರು. "ಗೋಡೌನಲ್ಲಿ ಮೂಟೆ ಹೊತ್ತು ಹೊತ್ತು ನನ್ನ ಬೆನ್ನು ಬಗ್ಗಿದೆ. ನೀನೂ ಧೂಳು ಕುಡೀಬಾರದು ಅಂದ್ಕೊಂಡೆ. ತಪ್ಪಾ?"

ಅವಳು ಅಪ್ಪನ ಲೋಟಕ್ಕೆ ನೀರು ಬಗ್ಗಿಸಿದಳು. ಆದರೆ ಮರುದಿನ ಶೆಡ್ಡಿಗೆ ಹೋದಳು. ಅದರ ಮರುದಿನವೂ ಹೋದಳು. ಅಪ್ಪ ಮಾತು ಬಿಟ್ಟರು. ಸಂಜೆ ಉಗುರಿನ ಸಂದಿಯ ಪ್ಲಾಸ್ಟರು ಕೆರೆದುಕೊಂಡು ಒಬ್ಬಳೇ ಉಣ್ಣುತ್ತಿದ್ದಳು.

ಒಂದೂವರೆ ತಿಂಗಳ ಮೇಲೆ, ಕೋರ್ಸಿನ ಅರ್ಜಿಯನ್ನು ಅಪ್ಪನ ಸಹಿಗೆಂದು ಮೇಜಿನ ಮೇಲಿಟ್ಟು ಬಂದಳು. ಮಧ್ಯಾಹ್ನ ಅಪ್ಪ ಅದನ್ನು ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೇ ಬಂದರು. ಸಹಿ ಇರಲಿಲ್ಲ. ಅವರ ಮುಖ ನೋಡಿದರೆ ಜಗಳಕ್ಕೇ ಬಂದಂತಿತ್ತು.

ಆ ಹೊತ್ತಿಗೆ ಸರಿಯಾಗಿ, ಅಪಘಾತದಲ್ಲಿ ಕಾಲು ಕಳೆದುಕೊಂಡ ದಢೂತಿ ಬಸ್ ಡ್ರೈವರ್ ನಡಿಗೆ ಕಲಿಸುವ ಎರಡು ಕಂಬಿಗಳ ನಡುವೆ ಮೊದಲ ಬಾರಿಗೆ ಎದ್ದು ನಿಂತಿದ್ದ. ಮಗಳು ಅವನ ಸೊಂಟದ ಪಟ್ಟಿ ಹಿಡಿದಿದ್ದಳು. ಕೈ ಬಿಡುವ ಹಾಗಿರಲಿಲ್ಲ.

"ಅಪ್ಪಾ, ಬನ್ನಿ, ಎದುರಿಗೆ ನಿಂತ್ಕೊಳ್ಳಿ. ಮುಗ್ಗರಿಸಿದ್ರೆ ಹಿಡ್ಕೊಳ್ಳಿ."

ಅಪ್ಪ ಅರ್ಜಿಯನ್ನು ಜೇಬಿಗೆ ತುರುಕಿ ಎರಡೂ ಕೈ ಚಾಚಿ ನಿಂತರು.

"ಯಜಮಾನ್ರೇ, ಹುಷಾರು! ಈ ಗಾಡಿಗೆ ಬ್ರೇಕ್ ಇನ್ನೂ ಕೂತಿಲ್ಲ," ಎಂದ ಡ್ರೈವರ್. ಒಂದು ಹೆಜ್ಜೆ. ಇನ್ನೊಂದು. ಮೂರನೆಯದಕ್ಕೆ ಕಂಬಿ ಬಿಟ್ಟು ಅಪ್ಪನ ಕೈ ಹಿಡಿದ. ಅಪ್ಪನನ್ನು ನೋಡಿ ನಗಲು ಹೋದವನು ಬಿಕ್ಕಿಬಿಕ್ಕಿ ಅತ್ತ. ಅಪ್ಪ ಅವನ ಬೆನ್ನು ಸವರುತ್ತಾ, "ನಡೆಯೋಕೆ ಬಂತಲ್ಲಪ್ಪಾ, ಬಂತಲ್ಲ," ಎನ್ನುತ್ತಲೇ ಇದ್ದರು.

ಅವನನ್ನು ಕೂರಿಸಿದ ಮೇಲೆ ಅಪ್ಪ ಬೆಂಚಿನ ಪುಡಿಯನ್ನು ಅಂಗೈಯಿಂದ ಸರಿಸಿ, ಅರ್ಜಿಯ ಮಡಿಕೆ ಬಿಡಿಸಿ, ಸಹಿ ಹಾಕಿದರು.

"ಇನ್ನೂ ಎಷ್ಟು ಹೊತ್ತಾಗತ್ತೆ?"

"ಒಂದು ಗಂಟೆ. ನೀವು ಹೊರಡಿ ಅಪ್ಪಾ."

"ಇರ್ಲಿ," ಎಂದು ಅಪ್ಪ ಬಾಗಿಲ ಪಕ್ಕದ ಸ್ಟೂಲು ಎಳೆದುಕೊಂಡು ಕೂತರು.